ತೋಟದ ಆಳು ಯಾವ ನಾಡಿನವನು?

ನವೆಂಬರ್ ತಿಂಗಳು ಕಾಲಿಟ್ಟಿತೆಂದರೆ ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳ ಮೈಬಣ್ಣವೇ ಬದಲಾಗುತ್ತದೆ. ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ವರ್ಷವಿಡೀ ಹಸಿರಾಗಿ ನಿಂತಿದ್ದ ಅರೇಬಿಕಾ ಗಿಡಗಳ ಗೆಣ್ಣುಗೆಣ್ಣಿನಲ್ಲಿಯೂ ಕೆಂಪು ಹಣ್ಣು ಗೊಂಚಲುಗೊಂಚಲಾಗಿ ಕಾಣಿಸಿಕೊಳ್ಳುತ್ತದೆ. ಅದರ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾದ ಸರದಿ. ಹಣ್ಣಾದ ಕಾಫಿ ಯಾರಿಗಾಗಿಯೂ ಕಾಯುವುದಿಲ್ಲ. ಸಕಾಲದಲ್ಲಿ ಕೊಯ್ಯದಿದ್ದರೆ ಉದುರಿ ಮಣ್ಣುಪಾಲಾಗುತ್ತದೆ. ಅಕಾಲದಲ್ಲಿ ಮಳೆ ಬಿದ್ದರೆ ಗಿಡದಲ್ಲಿಯೇ ಬಿರಿದು ಕೆಡುತ್ತದೆ. ಇಳಿಜಾರಿನ ನೆಲದಲ್ಲಿ ನಿಂತು, ಹಣ್ಣನ್ನು ಆರಿಸಿ ಕಾಯನ್ನು ಗಿಡದಲ್ಲಿಯೇ ಉಳಿಸುವ ಈ ಕೆಲಸಕ್ಕೆ ಮನುಷ್ಯನ ಬೆರಳೇ ಆಗಬೇಕು.

ಆ ಬೆರಳುಗಳು ಇಂದು ಎಲ್ಲಿಂದ ಬರುತ್ತಿವೆ ಎಂಬುದನ್ನು ತಿಳಿಯಲು ಸಂತೆಯ ದಿನ ಸಕಲೇಶಪುರದ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಕನ್ನಡ, ತುಳು, ತಮಿಳು ಮಾತುಗಳ ನಡುವೆ ಅಸ್ಸಾಮಿ, ಬಂಗಾಳಿ, ಹಿಂದಿ ಮಾತುಗಳೂ ಕಿವಿಗೆ ಬೀಳುತ್ತವೆ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಮೊದಲಾದ ದೂರದ ರಾಜ್ಯಗಳಿಂದ ಎರಡು ಮೂರು ದಿನಗಳ ರೈಲು ಪ್ರಯಾಣ ಮಾಡಿ ಬಂದ ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸುಗಳು. ತರಕಾರಿಯವನಿಗೆ ಅವರು ಒಳ್ಳೆಯ ಗಿರಾಕಿಗಳು. ತೋಟದ ಸಾಹುಕಾರರಿಗೆ ಬೆಳೆ ಉಳಿಸಿಕೊಡುವವರು. ಆದರೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತವರ ಬಾಯಲ್ಲಿ ಅವರಿಗೆ ಬೇರೊಂದು ಹೆಸರಿದೆ: “ಬಾಂಗ್ಲಾದವರು”.

ಈ ಒಂದು ಹೆಸರಿನಲ್ಲಿ ಪ್ರಶ್ನೆಯೆಲ್ಲವೂ ಅಡಗಿದೆ. ಹೊರರಾಜ್ಯದವನು ಬೇರೆ, ಹೊರದೇಶದವನು ಬೇರೆ. ಮೊದಲನೆಯವನು ಭಾರತದ ಪ್ರಜೆ. ದೇಶದ ಯಾವ ಭಾಗದಲ್ಲಿಯಾದರೂ ಸಂಚರಿಸಿ, ನೆಲೆಸಿ, ದುಡಿಯುವ ಹಕ್ಕನ್ನು ಸಂವಿಧಾನದ ೧೯ನೆಯ ವಿಧಿ ಅವನಿಗೆ ಕೊಟ್ಟಿದೆ. ಎರಡನೆಯವನು ಇಲ್ಲಿರಬೇಕಾದರೆ ಸರ್ಕಾರದ ಅನುಮತಿ ಬೇಕು. ಇವೆರಡರ ನಡುವಣ ಗೆರೆ ಶಾಸನದ ಪುಟದಲ್ಲಿ ಸ್ಪಷ್ಟವಾಗಿದೆ. ತೋಟದ ಲೈನುಮನೆಯ ಬಾಗಿಲಿನಲ್ಲಿ ಅದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಚುನಾವಣೆಯ ಕಾವು ಏರಿದ ದಿನಗಳಲ್ಲಂತೂ ಆ ಗೆರೆ ಅಳಿಸಿಯೇ ಹೋಗುವುದುಂಟು.

*ಘಟ್ಟ ಹತ್ತಿ ಬಂದವರು*

ಈ ಬೆಟ್ಟಗಳಿಗೆ ಪರಸ್ಥಳದ ಆಳುಗಳು ಬಂದುದು ಇಂದು ನಿನ್ನೆಯಲ್ಲ. ಸಕಲೇಶಪುರ ಸೀಮೆಗೆ ಮಂಜರಾಬಾದ್ ಎಂಬ ಹೆಸರಿದ್ದ ಕಾಲದಲ್ಲಿ, ೧೮೪೦ರ ದಶಕದಲ್ಲಿ, ಗ್ರೀನ್ ಎಂಬ ಆಂಗ್ಲ ಪ್ಲಾಂಟರು ಇಲ್ಲಿ ಕಾಫಿ ತೋಟ ಎಬ್ಬಿಸಿದನು. ಮುಂದಿನ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿಯೇ ನೆಲೆಯೂರಿ, ತನ್ನ ಅನುಭವಗಳನ್ನು ೧೮೯೪ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಊರಿನ ಜನ ಸಾಲದಾದಾಗ ಮೇಸ್ತ್ರಿಗಳು ಘಟ್ಟದ ಕೆಳಗಿಳಿದು ತುಳುನಾಡಿನ ಹಳ್ಳಿಗಳಿಂದಲೂ, ಬಯಲುಸೀಮೆಯಿಂದಲೂ, ತಮಿಳುನಾಡಿನಿಂದಲೂ ಆಳುಗಳನ್ನು ಕರೆತಂದರು. ಕರೆತರುವ ದಾರಿ ಒಂದೇ: ಮುಂಗಡ. ಕೈಗೆ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಆ ಸಾಲ ತೀರುವವರೆಗೆ ಆಳು ತೋಟದವನು.

ಈ ಸಾಲದ ಸಂಕಟವನ್ನು ಕನ್ನಡ ಓದುಗರು ಬಲ್ಲರು. ೧೯೩೩ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋದುದು ಸಾಲ ತೀರಿಸುವುದಕ್ಕಾಗಿಯೇ. ಮುಂಗಡ ಪಡೆದು ಕೆಲಸ ಬಿಟ್ಟು ಹೋದ ಆಳನ್ನು ಅಪರಾಧಿಯೆಂದು ಪರಿಗಣಿಸುವ ಕಾಯಿದೆಯೊಂದನ್ನು ಬ್ರಿಟಿಷ್ ಸರ್ಕಾರ ೧೮೫೯ರಲ್ಲಿ ಮಾಡಿತ್ತು. ದಕ್ಷಿಣದ ತೋಟಗಳಲ್ಲಿಯೂ ಬಳಕೆಯಾದ ಈ ಶಾಸನವನ್ನು ೧೯೨೫ರ ಕಾಯಿದೆಯೊಂದು ರದ್ದುಗೊಳಿಸಿತು. ಸಾಹುಕಾರನಿಗೆ ಆಳು ಬೇಕು. ಆದರೆ ಆ ಆಳು ತನ್ನಿಚ್ಛೆಯಂತೆ ಬಂದುಹೋಗುವುದು ಬೇಡ. ಅಂದಿನ ಶಾಸನದ ತಿರುಳು ಇಷ್ಟೇ.

ಸ್ವಾತಂತ್ರ್ಯಾನಂತರ ೧೯೫೧ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಬಂದು ಮನೆ, ಔಷಧೋಪಚಾರ, ಕೂಸುಗಳ ಪಾಲನೆ ಇವುಗಳನ್ನು ತೋಟದ ಮಾಲೀಕರ ಹೊಣೆಯಾಗಿಸಿತು. ೧೯೭೪ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯಿಂದ ಕರಾವಳಿಯ ಗೇಣಿದಾರರು ಭೂಮಿಯ ಒಡೆಯರಾದರು. ಅವರ ಮಕ್ಕಳು ಶಾಲೆಗೆ ಹೋದರು; ಮೊಮ್ಮಕ್ಕಳು ಮಂಗಳೂರು, ಮುಂಬಯಿ, ಕೊಲ್ಲಿ ದೇಶಗಳ ದಾರಿ ಹಿಡಿದರು. ಇತ್ತ ಮಲೆನಾಡಿನ ಲೈನುಮನೆಗಳಲ್ಲಿ ಹುಟ್ಟಿದ ಹುಡುಗ ಹುಡುಗಿಯರೂ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಹಾಸನದ ಅಂಗಡಿಗಳಿಗೂ ನಡೆದರು. ಅಪ್ಪ ಅಜ್ಜ ಸವೆಸಿದ ಬೆನ್ನನ್ನು ತಾವೂ ಸವೆಸಬೇಕಾಗಿಲ್ಲ ಎಂದು ಅವರು ತೀರ್ಮಾನಿಸಿದ್ದರೆ ಅದು ಕೊರಗುವ ಸಂಗತಿಯಲ್ಲ, ಹೆಮ್ಮೆಪಡಬೇಕಾದ ಸಂಗತಿ. ಆದರೆ ತೋಟದಲ್ಲಿ ಅವರ ಜಾಗ ಖಾಲಿಯಾಯಿತು.

*ಚಹಾ ನಾಡಿನಿಂದ ಕಾಫಿ ನಾಡಿಗೆ*

ಆ ಜಾಗಕ್ಕೆ ಬಂದವರು ಈಗಿನವರು. ಒಬ್ಬ ಗುತ್ತಿಗೆದಾರ, ಇಲ್ಲವೇ ಹಿಂದೆ ಬಂದು ಹೋದ ನಂಟನೊಬ್ಬ ಹತ್ತಿಪ್ಪತ್ತು ಮಂದಿಯ ತಂಡ ಕಟ್ಟಿಕೊಂಡು ಬರುತ್ತಾನೆ. ಬೆಂಗಳೂರಿನಲ್ಲಿ ರೈಲಿಳಿದು, ಹಾಸನ ದಾಟಿ, ಆಲೂರಿನ ಅಥವಾ ಸಕಲೇಶಪುರದ ತೋಟದ ಲೈನು ಸೇರುತ್ತಾರೆ. ಕೊಯ್ಲಿನ ಕಾಲದಲ್ಲಿ ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಕೂಲಿ. ಹೆಚ್ಚು ಕೊಯ್ದವರಿಗೆ ಹೆಚ್ಚು ಹಣ. ಸಂಜೆ ಹಣ್ಣಿನ ಚೀಲಗಳು ತಕ್ಕಡಿಗೆ ಏರಿದಾಗ ರೈಟರು ಹೆಸರು ಕೂಗಿ ತೂಕ ಬರೆದುಕೊಳ್ಳುತ್ತಾನೆ. ಕೊಯ್ಲು ಮುಗಿದ ಮೇಲೆ ಕೆಲವರು ಊರಿಗೆ ಮರಳುತ್ತಾರೆ. ಕೆಲವರು ಮರಗಸಿಗೆ, ಗೊಬ್ಬರಕ್ಕೆ, ಮೆಣಸಿನ ಕೊಯ್ಲಿಗೆ ಉಳಿದುಕೊಳ್ಳುತ್ತಾರೆ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಹೋಗುವ ದಾರಿಯಲ್ಲಿ ಆನೆ ಎದುರಾದೀತೆಂಬ ಭಯ ಈ ಎರಡು ತಾಲ್ಲೂಕುಗಳ ಆಳುಗಳಿಗೆಲ್ಲ ಒಂದೇ. ಆನೆ ಯಾರ ಭಾಷೆಯನ್ನೂ ಕೇಳುವುದಿಲ್ಲ.

ಅಸ್ಸಾಮಿನ ಚಹಾ ತೋಟಗಳ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಚಹಾ ಕಂಪೆನಿಗಳು ಛೋಟಾ ನಾಗಪುರದ ಬುಡಕಟ್ಟಿನ ಜನರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಅಲ್ಲಿಗೆ ಸಾಗಿಸಿದವು. ಆ ನಾಡಿಗೂ ಅವರು ಹೊರಗಿನವರಾಗಿಯೇ ಹೋದರು. ತಲೆಮಾರುಗಳ ಬಳಿಕ ಅಲ್ಲಿಯವರಾದರು. ಅಂಥ ಮನೆತನಗಳ ಮಕ್ಕಳೂ ಈಗ ಕೂಲಿ ಅರಸಿ ದಕ್ಷಿಣಕ್ಕೆ ಬರುತ್ತಿದ್ದಾರೆ. ಬ್ರಹ್ಮಪುತ್ರೆಯ ನೆರೆಯಲ್ಲಿ ಹೊಲವೂ ಮನೆಯೂ ಕೊಚ್ಚಿಹೋದ ಹಳ್ಳಿಗರೂ ಬರುತ್ತಾರೆ. ಇವರಲ್ಲಿ ಬಂಗಾಳಿ ಮಾತನಾಡುವ ಮುಸಲ್ಮಾನರಿದ್ದರೆ ಅನುಮಾನದ ಕಣ್ಣು ಮೊದಲು ಅವರ ಮೇಲೆ ಬೀಳುತ್ತದೆ. ಬಂಗಾಳಿಯು ಪಶ್ಚಿಮ ಬಂಗಾಳದ ಕೋಟ್ಯಂತರ ಭಾರತೀಯರ ತಾಯಿನುಡಿಯೆಂಬುದು ಆ ಕ್ಷಣದಲ್ಲಿ ಯಾರಿಗೂ ನೆನಪಾಗುವುದಿಲ್ಲ.

*ಮತಪೆಟ್ಟಿಗೆಯ ಬೆನ್ನಿಗೆ ಮಸೂದೆ*

ವಲಸೆಯ ಕಾಯಿದೆಗಳ ಚರಿತ್ರೆಯನ್ನು ತಿರುವಿ ನೋಡಿದರೆ ಅವುಗಳಲ್ಲಿ ಬಹುಪಾಲು ಚುನಾವಣೆಯ ಹಿಂದೆ ಅಥವಾ ಮುಂದೆ ಹುಟ್ಟಿದವುಗಳೇ. ೧೯೭೯ರಲ್ಲಿ ಅಸ್ಸಾಮಿನ ಮಂಗಳದೈ ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ಸಿದ್ಧವಾದ ಮತದಾರರ ಪಟ್ಟಿಯಲ್ಲಿ ವಿದೇಶೀಯರ ಹೆಸರುಗಳಿವೆ ಎಂಬ ಕೂಗಿನಿಂದ ಆರಂಭವಾದ ಚಳವಳಿ ಆರು ವರ್ಷ ನಡೆಯಿತು. ೧೯೮೩ರ ರಕ್ತಸಿಕ್ತ ಚುನಾವಣೆಯ ಬಳಿಕ ಅದೇ ವರ್ಷ ಸಂಸತ್ತು ಅಸ್ಸಾಮಿಗಾಗಿ ಒಂದು ಪ್ರತ್ಯೇಕ ಕಾಯಿದೆ ಮಾಡಿತು. ಒಬ್ಬನನ್ನು ವಿದೇಶೀಯನೆಂದು ಆಪಾದಿಸಿದರೆ ಅದನ್ನು ರುಜುವಾತುಪಡಿಸುವ ಹೊರೆಯನ್ನು ಆ ಕಾಯಿದೆ ಆಪಾದಿಸಿದವರ ಮೇಲೆಯೇ ಹಾಕಿತು. ೧೯೮೫ರ ಆಗಸ್ಟ್ ೧೫ರಂದು ಅಸ್ಸಾಂ ಒಪ್ಪಂದವಾಯಿತು. ಅದೇ ಡಿಸೆಂಬರಿನ ಚುನಾವಣೆಯಲ್ಲಿ ಚಳವಳಿಗಾರರೇ ಅಧಿಕಾರಕ್ಕೆ ಬಂದರು. ೨೦೦೫ರಲ್ಲಿ ಸುಪ್ರೀಂ ಕೋರ್ಟು ೧೯೮೩ರ ಕಾಯಿದೆಯನ್ನು ಅಸಿಂಧುವೆಂದು ಸಾರಿತು. ಅಂದಿನಿಂದ ಹೊರೆ ಮತ್ತೆ ಆಪಾದಿತನ ಹೆಗಲಿಗೇರಿತು. ೨೦೧೯ರ ಆಗಸ್ಟ್ ೩೧ರಂದು ಪ್ರಕಟವಾದ ಅಸ್ಸಾಮಿನ ಪೌರತ್ವ ನೋಂದಣಿ ಪಟ್ಟಿಯಿಂದ ೧೯,೦೬,೬೫೭ ಜನ ಹೊರಗುಳಿದರು. ಅದೇ ವರ್ಷದ ಮಹಾಚುನಾವಣೆಯ ಬಳಿಕ, ಡಿಸೆಂಬರಿನಲ್ಲಿ, ಪೌರತ್ವ ತಿದ್ದುಪಡಿ ಕಾಯಿದೆ ಬಂದಿತು.

೨೦೨೪ರ ಮಹಾಚುನಾವಣೆಯ ಭಾಷಣಗಳಲ್ಲಿ ‘ನುಸುಳುಕೋರರು’ ಎಂಬ ಮಾತು ಮತ್ತೆ ಮತ್ತೆ ಕೇಳಿಬಂತು. ಜೂನ್ ತಿಂಗಳಿನಲ್ಲಿ ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ೨೦೨೫ರ ಮಾರ್ಚ್ ೧೧ರಂದು ವಲಸೆ ಮತ್ತು ವಿದೇಶೀಯರ ಮಸೂದೆ ಲೋಕಸಭೆಯ ಮುಂದೆ ಬಂದಿತು. ಭಾರತವು ಧರ್ಮಛತ್ರವಲ್ಲವೆಂದು ಗೃಹಮಂತ್ರಿ ಅಮಿತ್ ಶಾ ಸದನದಲ್ಲಿ ಹೇಳಿದರು. ಮಸೂದೆಯನ್ನು ಸಂಸದೀಯ ಸಮಿತಿಗೆ ಒಪ್ಪಿಸಬೇಕೆಂದು ವಿರೋಧ ಪಕ್ಷದವರು ಕೇಳಿಕೊಂಡರು, ಸರ್ಕಾರ ಒಪ್ಪಲಿಲ್ಲ. ಮಾರ್ಚ್ ೨೭ರಂದು ಲೋಕಸಭೆಯೂ ಏಪ್ರಿಲ್ ೨ರಂದು ರಾಜ್ಯಸಭೆಯೂ ಅಂಗೀಕರಿಸಿದವು. ಸೆಪ್ಟೆಂಬರ್ ೧ರಿಂದ ಕಾಯಿದೆ ಜಾರಿಗೆ ಬಂದಿತು.

ಹಳೆಯ ನಾಲ್ಕು ಕಾಯಿದೆಗಳು ಇದರಿಂದ ಮರೆಯಾದವು. ಅವುಗಳಲ್ಲಿ ೧೯೨೦ರ, ೧೯೩೯ರ ಮತ್ತು ೧೯೪೬ರ ಮೂರು ಪರಕೀಯ ಆಳ್ವಿಕೆಯ ಕಾಲದವು. ಚದುರಿ ಹೋಗಿದ್ದ ಕಾನೂನನ್ನು ಒಂದೆಡೆ ತಂದುದು ಒಪ್ಪತಕ್ಕ ಕೆಲಸವೇ. ಹೊಸ ಕಾಯಿದೆಯ ಮೇರೆಗೆ ಪಾಸ್‌ಪೋರ್ಟು ಇಲ್ಲದೆ ಒಳಬಂದ ವಿದೇಶೀಯನಿಗೆ ೫ ವರ್ಷಗಳವರೆಗೆ ಸೆರೆ, ಇಲ್ಲವೆ ೫ ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ನಕಲಿ ಪಾಸ್‌ಪೋರ್ಟು ಬಳಸಿದವರಿಗೆ ೨ರಿಂದ ೭ ವರ್ಷ ಸೆರೆ. ವಿದೇಶೀಯರಿಗೆ ವಸತಿ ಕೊಟ್ಟವರು, ಅವರನ್ನು ಸೇರಿಸಿಕೊಂಡ ವಿದ್ಯಾಸಂಸ್ಥೆಗಳು, ಚಿಕಿತ್ಸೆ ನೀಡಿದ ಆಸ್ಪತ್ರೆಗಳು ಅಧಿಕಾರಿಗಳಿಗೆ ವಿವರ ಸಲ್ಲಿಸಬೇಕು. ತಾನು ವಿದೇಶೀಯನಲ್ಲವೆಂದು ತೋರಿಸುವ ಹೊರೆ ಮಾತ್ರ ೧೯೪೬ರ ಕಾಯಿದೆಯಲ್ಲಿದ್ದಂತೆಯೇ ಶಂಕಿತನ ಮೇಲೆ ಉಳಿದುಕೊಂಡಿತು. ಅದೇ ಸೆಪ್ಟೆಂಬರ್ ೧ರ ಆಜ್ಞೆಯೊಂದು, ೨೦೨೪ರ ಡಿಸೆಂಬರ್ ೩೧ರ ಒಳಗೆ ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ ಧಾರ್ಮಿಕ ಕಿರುಕುಳಕ್ಕೆ ಅಂಜಿ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಪಾಸ್‌ಪೋರ್ಟಿನ ಕಟ್ಟಳೆಯಿಂದ ವಿನಾಯಿತಿ ನೀಡಿತು. ಆ ಪಟ್ಟಿಯಲ್ಲಿ ಮುಸಲ್ಮಾನರಿಲ್ಲ. ಇದು ನೊಂದವರಿಗೆ ಆಸರೆಯೆಂದು ಸರ್ಕಾರದ ವಾದ. ಧರ್ಮದ ಮೇಲೆ ಭೇದವೆಂದು ವಿರೋಧಿಗಳ ವಾದ.

*ಯಾವ ಕಾಗದ ತೋರಿಸಬೇಕು?*

ಗಡಿ ದಾಟಿ ಕಳ್ಳದಾರಿಯಲ್ಲಿ ಬರುವವರೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಯಾವ ದೇಶವೂ ತನ್ನ ಗಡಿಯನ್ನು ಬಾಗಿಲಿಲ್ಲದ ಮನೆಯಂತೆ ಬಿಡಲಾರದು. ಆದರೆ ಕಾಯಿದೆಯ ಬಲೆಯನ್ನು ಬೀಸಿದಾಗ ಅದರಲ್ಲಿ ಸಿಕ್ಕಿಬೀಳುವವರು ಯಾರು ಎಂಬುದನ್ನು ನೋಡಬೇಕು.

ತೋಟದ ಆಳಿನ ಬಳಿ ಇರುವುದು ಸಾಮಾನ್ಯವಾಗಿ ಆಧಾರ್ ಚೀಟಿ. ಆಧಾರ್ ಪೌರತ್ವದ ಪುರಾವೆಯಲ್ಲವೆಂದು ಆಧಾರ್ ಕಾಯಿದೆಯೇ ಹೇಳುತ್ತದೆ. ಪಾಸ್‌ಪೋರ್ಟು ಅವನಿಗೆ ಎಲ್ಲಿಂದ ಬರಬೇಕು? ಜನನ ಪತ್ರ, ಜಮೀನಿನ ಪತ್ರ, ತಂದೆಯ ಹೆಸರಿದ್ದ ಹಳೆಯ ಮತದಾರರ ಪಟ್ಟಿ ಇವೆಲ್ಲ ಇದ್ದರೆ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರು ದೂರದ ಊರಿನ ಪೆಟ್ಟಿಗೆಯಲ್ಲಿ ಇರಬೇಕು, ನೆರೆಯಲ್ಲಿ ಹೋಗಿರದಿದ್ದರೆ. ಹೆಸರಿನ ಒಂದು ಅಕ್ಷರ ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ತಂದೆಯ ಮನೆಗೂ ಅವರಿಗೂ ಇರುವ ನಂಟನ್ನು ತೋರಿಸುವ ಕಾಗದ ಎಷ್ಟೋ ಮಂದಿಯ ಬಳಿ ಇರುವುದಿಲ್ಲ.

ಅವಸರದ ತೀರ್ಪಿನಿಂದ ಏನಾಗುತ್ತದೆ ಎಂಬುದಕ್ಕೆ ರಾಜಧಾನಿಯಲ್ಲಿಯೇ ಒಂದು ನಿದರ್ಶನವಿದೆ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ, ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶಿಗಳು ನೆಲೆಸಿದ್ದಾರೆಂಬ ಆಪಾದನೆಯ ಮೇಲೆ ಗುಡಿಸಲುಗಳನ್ನು ಕೆಡವಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಮಿನವರು, ತ್ರಿಪುರದವರಷ್ಟೇ ಅಲ್ಲ, ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಕರ್ನಾಟಕ ಹೈಕೋರ್ಟು ಕೆಡಹುವಿಕೆಯನ್ನು ತಡೆದು, ಕಾನೂನು ಮೀರಿ ನಡೆದ ಕೃತ್ಯವನ್ನು ಕಟುವಾಗಿ ಟೀಕಿಸಿತು. ೨೦೨೫ರಲ್ಲಿ ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದಾಟಿಸಿದ್ದ ಪಶ್ಚಿಮ ಬಂಗಾಳದ ಕೆಲವರನ್ನು ಮರಳಿ ಕರೆತರಬೇಕೆಂದು ಕಲ್ಕತ್ತಾ ಹೈಕೋರ್ಟು ಸೆಪ್ಟೆಂಬರಿನಲ್ಲಿ ಆಜ್ಞಾಪಿಸಿತು. ಹೈಕೋರ್ಟಿನ ಬಾಗಿಲಿನವರೆಗೆ ತಲುಪಿದವರಿಗೆ ನ್ಯಾಯ ಸಿಕ್ಕಿತು. ತಲುಪಲಾರದವರ ಗತಿಯೇನು?

ಈ ಸುದ್ದಿಗಳು ತೋಟದ ಲೈನುಗಳಿಗೂ ಮುಟ್ಟುತ್ತವೆ. ಇಂದು ಆಳುಗಳ ಕೈಯಲ್ಲಿಯೂ ಮೊಬೈಲ್ ಇದೆ. ೨೦೨೫ರ ನವೆಂಬರಿನಲ್ಲಿ, ಕಾಫಿ ಕೊಯ್ಲು ಆರಂಭವಾಗುವ ಹೊತ್ತಿಗೆ ಸರಿಯಾಗಿ, ಪಶ್ಚಿಮ ಬಂಗಾಳದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾಯಿತು. ೨೦೦೨ರ ಪಟ್ಟಿಯಲ್ಲಿ ತನ್ನ ಅಥವಾ ತಂದೆತಾಯಿಯರ ಹೆಸರನ್ನು ತೋರಿಸಲಾಗದವರು ಬೇರೆ ಕಾಗದಗಳನ್ನು ಒದಗಿಸಬೇಕಾಗಿತ್ತು. ಊರಿಗೆ ಓಡಿದರೆ ಕೂಲಿ ಹೋಗುತ್ತದೆ; ಓಡದಿದ್ದರೆ ಹೆಸರು ಹೋದೀತೆಂಬ ಅಂಜಿಕೆ. ವಲಸೆಗಾರ ಕೂಲಿಯ ಪಾಲಿಗೆ ಇದು ಅಡಕತ್ತರಿಯೇ ಸರಿ.

*ಊರವರ ಅಳಲು*

ಇನ್ನೊಂದು ಕಡೆಯ ಮಾತನ್ನೂ ಕೇಳದೆ ಬಿಡುವುದು ನ್ಯಾಯವಲ್ಲ. ಹೊರಗಿನವರನ್ನು ಕಂಡು ಊರವರಲ್ಲಿ ಹುಟ್ಟುವ ಕಳವಳವೆಲ್ಲವೂ ದ್ವೇಷವಲ್ಲ. ತೋಟಗಳಲ್ಲಿ ತಲೆಮಾರುಗಳಿಂದ ದುಡಿದು, ಸ್ವಂತದ್ದೆಂದು ಒಂದು ನಿವೇಶನವೂ ಇಲ್ಲದೆ ಲೈನುಮನೆಯಲ್ಲಿಯೇ ಮುಪ್ಪಾದ ದಲಿತ ಕುಟುಂಬಗಳು ಈ ಎರಡು ತಾಲ್ಲೂಕುಗಳಲ್ಲಿವೆ. ಕಡಿಮೆ ಕೂಲಿಗೆ ಒಪ್ಪುವ ತಂಡವೊಂದು ದೂರದಿಂದ ಬಂದಿಳಿದರೆ ತಮ್ಮ ಕೂಲಿಯ ಚೌಕಾಸಿಗೆ ಬೆಲೆ ಉಳಿಯದು ಎಂಬ ಅವರ ಭಯ ಸುಳ್ಳಲ್ಲ. ಗುರುತು ಪರಿಚಯವಿಲ್ಲದ ನೂರಾರು ಜನ ಬಂದು ಹೋಗುವ ಹಳ್ಳಿಯಲ್ಲಿ ಕಳವೋ ಜಗಳವೋ ನಡೆದರೆ ಶಂಕೆ ಮೂಡುವುದೂ ಸಹಜ.

ಆದರೆ ಆ ಅಳಲಿಗೆ ಮದ್ದು ಎಲ್ಲಿದೆ? ಕೂಲಿ ಇಳಿಯುವುದು ಬಂದವನ ಭಾಷೆಯಿಂದಲ್ಲ. ಅವನ ಹೆಸರು ಯಾವ ಲೆಕ್ಕದಲ್ಲಿಯೂ ಇಲ್ಲದಿರುವುದರಿಂದ. ದಾಖಲೆಯಿಲ್ಲದ ಆಳು ಕನಿಷ್ಠ ಕೂಲಿಯನ್ನು ಕೇಳಲಾರ, ಪೊಲೀಸರಿಗೆ ದೂರು ಕೊಡಲಾರ, ಗುತ್ತಿಗೆದಾರ ಹಣ ನುಂಗಿದರೆ ಬಾಯಿ ಬಿಡಲಾರ. ಅವನ ಅಂಜಿಕೆ ಹೆಚ್ಚಿದಷ್ಟೂ ಅವನ ಕೂಲಿ ಅಗ್ಗವಾಗುತ್ತದೆ. ಅವನ ಕೂಲಿ ಅಗ್ಗವಾದಷ್ಟೂ ಊರಿನ ಆಳಿನ ಬೇಡಿಕೆ ಇಳಿಯುತ್ತದೆ. ‘ಬಾಂಗ್ಲಾ’ ಎಂಬ ಬೆದರಿಕೆಯಿಂದ ಊರಿನ ಕೂಲಿಕಾರನಿಗೆ ಲಾಭವಿಲ್ಲ. ಲಾಭವೇನಿದ್ದರೂ ಲೆಕ್ಕ ತಪ್ಪಿಸುವ ಗುತ್ತಿಗೆದಾರನಿಗೆ.

ಲೆಕ್ಕವಿಡುವ ಕಾನೂನು ಇಲ್ಲದೆಯೂ ಇರಲಿಲ್ಲ. ೧೯೭೯ರಲ್ಲಿಯೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಬಂದಿತ್ತು. ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಆಳಿಗೆ ಭಾವಚಿತ್ರವಿರುವ ಪಾಸುಪುಸ್ತಕ ಕೊಡಬೇಕು, ಪ್ರಯಾಣ ಭತ್ಯೆ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ದೇಶದ ಬಹುಭಾಗದಲ್ಲಿ ಅದು ಕಾಗದದಲ್ಲಿಯೇ ಉಳಿಯಿತು. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಅದೂ ೧೯೫೧ರ ಪ್ಲಾಂಟೇಷನ್ ಕಾಯಿದೆಯೂ ಲೀನವಾಗಿವೆ. ಗುತ್ತಿಗೆದಾರನಿಲ್ಲದೆ ತಾನಾಗಿ ಬಂದವನನ್ನೂ ವಲಸೆ ಕಾರ್ಮಿಕನೆಂದು ಹೊಸ ಸಂಹಿತೆ ಒಪ್ಪುತ್ತದೆ. ಹೀಗೆ ಒಂದೇ ವರ್ಷದಲ್ಲಿ ಎರಡು ಶಾಸನಗಳು ಜಾರಿಗೆ ಬಂದಂತಾಯಿತು. ಒಂದು ಹೊರಗಿನವನನ್ನು ಶಂಕಿಸುವ ದಾರಿಯನ್ನು ಹೇಳಿದರೆ ಇನ್ನೊಂದು ಅವನನ್ನು ಕಾಪಾಡುವ ದಾರಿಯನ್ನು ಹೇಳುತ್ತದೆ. ಯಾವುದು ಚುರುಕಾಗಿ ನಡೆಯುವುದೆಂಬುದು ರಾಜಕಾರಣದ ಮರ್ಜಿ.

ಆ ರಾಜಕಾರಣದಲ್ಲಿ ಆಳಿಗೆ ಸ್ಥಾನವೇ ಇಲ್ಲ. ಸಕಲೇಶಪುರ ವಿಧಾನಸಭಾ ಕ್ಷೇತ್ರದಲ್ಲಿ ೨೦೨೩ರ ಚುನಾವಣೆಯ ಗೆಲುವು ಸೋಲು ನಿರ್ಧಾರವಾದುದು ಸುಮಾರು ಎರಡು ಸಾವಿರ ಮತಗಳ ಅಂತರದಿಂದ. ಲೈನುಮನೆಯ ವಲಸೆಗಾರರಿಗೆ ಇಲ್ಲಿ ಮತವಿದ್ದಿದ್ದರೆ ಎಲ್ಲ ಪಕ್ಷದವರೂ ಕೈಮುಗಿದುಕೊಂಡು ಅಲ್ಲಿಗೆ ಬರುತ್ತಿದ್ದರು. ಇವರ ಮತ ಇರುವುದು ಊರಿನಲ್ಲಿ; ಮತದಾನದ ದಿನ ಇವರು ಇರುವುದು ತೋಟದಲ್ಲಿ. ಇದ್ದಲ್ಲಿಂದಲೇ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ ಸಿದ್ಧಪಡಿಸಿ, ೨೦೨೩ರ ಜನವರಿ ೧೬ರಂದು ಪಕ್ಷಗಳ ಪ್ರತಿನಿಧಿಗಳನ್ನು ಕರೆಯಿತು. ಪಕ್ಷಗಳು ಆಕ್ಷೇಪಿಸಿದವು; ಯಂತ್ರ ಮೂಲೆ ಸೇರಿತು. ೨೦೨೨ರಲ್ಲಿ ಅಸ್ಸಾಂ ಕೂಡ ಸೇರಿದ ಬಳಿಕ ಪಡಿತರ ಚೀಟಿಯ ಅಕ್ಕಿ ದೇಶದ ಎಲ್ಲಿಯಾದರೂ ಸಿಗುವಂತಾಯಿತು. ಅಕ್ಕಿ ಆಳಿನ ಹಿಂದೆ ಬಂದಿತು. ಮತ ಮಾತ್ರ ಬರಲಿಲ್ಲ.

*ಬಿಸಿಲೆ ಘಟ್ಟದ ಕೆಳಗಿನ ಪಾಠ*

ತೋಟದ ಆಳಿನ ಮತವನ್ನು ಕಸಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಸಕಲೇಶಪುರ ತಾಲ್ಲೂಕಿನ ಬಿಸಿಲೆ ಘಟ್ಟ ಇಳಿದು ಕುಕ್ಕೆ ಸುಬ್ರಹ್ಮಣ್ಯ ದಾಟಿದರೆ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳು ಸಿಗುತ್ತವೆ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ಹಾಲು ಇಳಿಸುವವರಲ್ಲಿ ಅನೇಕರು ಶ್ರೀಲಂಕಾದಿಂದ ಬಂದ ತಮಿಳರು ಮತ್ತು ಅವರ ಮಕ್ಕಳು.

ಅವರ ಹಿರಿಯರನ್ನು ಬ್ರಿಟಿಷರು ತಮಿಳುನಾಡಿನಿಂದ ಸಿಂಹಳದ ಕಾಫಿ, ಚಹಾ ತೋಟಗಳಿಗೆ ಒಯ್ದಿದ್ದರು. ೧೯೪೭ರ ಚುನಾವಣೆಯಲ್ಲಿ ತೋಟಗಳ ಮತದಾರರು ತಮ್ಮದೇ ಪ್ರತಿನಿಧಿಗಳನ್ನು ಸಂಸತ್ತಿಗೆ ಕಳುಹಿಸಿದರು. ಗೆದ್ದು ಬಂದ ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ೧೯೪೮ರ ಪೌರತ್ವ ಕಾಯಿದೆ ತಂದೆ, ಅಜ್ಜಂದಿರು ಆ ನೆಲದಲ್ಲಿಯೇ ಹುಟ್ಟಿದ್ದರೆಂಬುದಕ್ಕೆ ಪುರಾವೆ ಕೇಳಿತು. ಕೂಲಿಗಳ ಬಳಿ ಕಾಗದ ಎಲ್ಲಿತ್ತು? ಮರುವರ್ಷವೇ ಮತದ ಹಕ್ಕೂ ಹೋಯಿತು. ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. ೧೯೬೪ರ ಅಕ್ಟೋಬರ್ ೩೦ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡು ಜನರನ್ನು ಹಂಚಿಕೊಂಡರು: ೫,೨೫,೦೦೦ ಮಂದಿ ಭಾರತಕ್ಕೆ, ೩,೦೦,೦೦೦ ಮಂದಿ ಸಿಂಹಳಕ್ಕೆ, ಉಳಿದ ೧,೫೦,೦೦೦ ಮಂದಿಯ ಭವಿಷ್ಯ ಮುಂದಿನ ಮಾತುಕತೆಗೆ. ಹಾಗೆ ಹಂಚಿಹೋದವರಲ್ಲಿ ಒಂದು ಪಾಲು ೧೯೭೦ರ ದಶಕದಲ್ಲಿ ದಕ್ಷಿಣ ಕನ್ನಡದ ರಬ್ಬರ್ ಮರಗಳ ಕೆಳಗೆ ಬಂದು ನಿಂತಿತು. ಅಲ್ಲಿ ‘ಇಂಡಿಯಾದವರು’ ಎನಿಸಿಕೊಂಡವರು ಇಲ್ಲಿ ‘ಸಿಲೋನಿನವರು’ ಎನಿಸಿಕೊಂಡರು. ಪ್ರಮಾಣಪತ್ರಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದು ಅವರ ಮಕ್ಕಳ ಕಾಲಕ್ಕೂ ತಪ್ಪಲಿಲ್ಲ.

*ನಮ್ಮ ಮಕ್ಕಳ ದಾರಿ*

ನಗರದ ಓದುಗರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಅಲ್ಲ. ೧೯೬೪ರ ಚುನಾವಣೆಯಲ್ಲಿ ಭಾರಿ ಬಹುಮತದಿಂದ ಗೆದ್ದ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ೧೯೬೫ರ ಅಕ್ಟೋಬರ್ ೩ರಂದು ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಅದಕ್ಕೆ ಮುಂಚೆ ಭಾರತೀಯರಿಗೆ ಅಲ್ಲಿದ್ದ ಪಾಲು ವರ್ಷಕ್ಕೆ ನೂರು. ಹೊಸ ಕಾಯಿದೆ ಹುಟ್ಟಿದ ದೇಶವನ್ನು ಬದಿಗಿಟ್ಟು ವಿದ್ಯೆಯನ್ನೂ ಬಂಧುತ್ವವನ್ನೂ ನೋಡಿತು. ಮೈಸೂರು, ಬೆಂಗಳೂರು, ಹಾಸನಗಳ ವೈದ್ಯರು, ಇಂಜಿನಿಯರುಗಳು ವಿಮಾನ ಹತ್ತಿದುದು ಆ ಸಹಿಯ ಫಲ. ಅಮೆರಿಕದ ಊರೂರುಗಳಲ್ಲಿ ಕನ್ನಡ ಕೂಟಗಳು ತಲೆಯೆತ್ತಿದುದೂ ಅದರಿಂದಲೇ.

ಬಾಗಿಲು ತೆರೆದಂತೆ ಮುಚ್ಚುವುದೂ ಉಂಟು. ೨೦೨೪ರ ನವೆಂಬರಿನ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಮತ್ತೆ ಗೆದ್ದ ಬಳಿಕ, ೨೦೨೫ರ ಫೆಬ್ರವರಿ ೫ರಂದು ೧೦೪ ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. ಕೈಗೆ ಕೋಳ, ಕಾಲಿಗೆ ಸಂಕೋಲೆ ತೊಡಿಸಿ ಕರೆತಂದ ಸುದ್ದಿ ಕೇಳಿ ದೇಶವೇ ನೊಂದುಕೊಂಡಿತು. ಸೆಪ್ಟೆ೦ಬರಿನಲ್ಲಿ, ಎಚ್-೧ಬಿ ವೀಸಾಕ್ಕಾಗಿ ಹೊಸದಾಗಿ ಸಲ್ಲಿಸುವ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಬಂದಾಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಿದ್ದೆ ಹಾರಿತು. ಕಾನೂನು ಮೀರಿದವನನ್ನು ಹಿಂದಕ್ಕೆ ಕಳುಹಿಸುವುದು ಸರಿಯಿರಬಹುದು, ಆದರೆ ಮನುಷ್ಯನನ್ನು ಹೀಗೆ ನಡೆಸಿಕೊಳ್ಳಬಾರದು ಎಂದು ಅಂದು ಅನೇಕರು ಹೇಳಿದರು. ಆ ಮಾತಿನ ಅಳತೆಗೋಲು ಅಮೃತಸರಕ್ಕೆ ಒಂದು, ಆಲೂರಿಗೆ ಒಂದು ಆಗಲಾರದು.

*ಮಾಡಬಹುದಾದುದು*

ಹಾಗಾದರೆ ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ಆಗಬೇಕಾದುದೇನು? ದೊಡ್ಡ ಸಂಗತಿಗಳೇನೂ ಅಲ್ಲ. ತೋಟಕ್ಕೆ ಬಂದ ಪ್ರತಿಯೊಬ್ಬನ ಹೆಸರನ್ನು ಮಾಲೀಕರೂ ಗುತ್ತಿಗೆದಾರರೂ ಕಾರ್ಮಿಕ ಇಲಾಖೆಯ ಪುಸ್ತಕಕ್ಕೆ ಮೊದಲ ವಾರದಲ್ಲಿಯೇ ಸೇರಿಸಬೇಕು. ಕೂಲಿ ಬ್ಯಾಂಕಿನ ಮೂಲಕ ಆಳಿನ ಹೆಸರಿಗೇ ಹೋಗಬೇಕು. ಕಾಗದಪತ್ರಗಳ ಪರಿಶೀಲನೆ ಅಧಿಕಾರ ಪಡೆದ ಸರ್ಕಾರಿ ನೌಕರನ ಕೆಲಸ. ದಾರಿಯಲ್ಲಿ ತಡೆದು ಚೀಟಿ ಕೇಳುವ ಹಕ್ಕು ಯಾವ ಸಂಘಕ್ಕೂ ಯಾವ ಪುಂಡನಿಗೂ ಇಲ್ಲ. ಶಂಕೆಗೆ ಕಾರಣವಿದ್ದರೆ ಬರಹದಲ್ಲಿ ತಿಳಿಸಿ, ಊರಿನಿಂದ ಕಾಗದ ತರಿಸಲು ಕಾಲಾವಕಾಶ ಕೊಟ್ಟು, ಅವನ ಭಾಷೆ ಬಲ್ಲವರೊಬ್ಬರನ್ನು ಕೂಡಿಸಿಕೊಂಡು ವಿಚಾರಿಸಬೇಕು. ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದೆಂಬ ಸಂಗತಿ ಲೈನುಮನೆಗಳಿಗೆ ತಿಳಿಯಬೇಕು. ಇಷ್ಟಾದ ಮೇಲೆಯೂ ಒಬ್ಬನು ವಿದೇಶೀಯನೆಂದು ನ್ಯಾಯಬದ್ಧವಾಗಿ ತೀರ್ಮಾನವಾದರೆ ಕಾಯಿದೆ ತನ್ನ ಕೆಲಸ ಮಾಡಲಿ, ಯಾರೂ ಬೇಡವೆನ್ನುವುದಿಲ್ಲ.

ಮಕ್ಕಳ ಮಾತು ಬೇರೆಯೇ. ಲೈನುಮನೆಯಲ್ಲಿ ಆಡುವ ಅಸ್ಸಾಮಿನ ಮಗುವನ್ನು ಹತ್ತಿರದ ಕನ್ನಡ ಶಾಲೆಗೆ ಸೇರಿಸಿಕೊಂಡರೆ ಎರಡು ವರ್ಷಗಳಲ್ಲಿ ಅದು ಮಲೆನಾಡಿನ ಕನ್ನಡವನ್ನೇ ಆಡುತ್ತದೆ. ಮಕ್ಕಳಿಲ್ಲದೆ ಬಾಗಿಲು ಮುಚ್ಚುವ ಭಯದಲ್ಲಿರುವ ಹಳ್ಳಿಯ ಶಾಲೆಗಳಿಗೂ ಅದರಿಂದ ಜೀವ ಬಂದೀತು.

ಚುನಾವಣೆಗಳು ಬರುತ್ತವೆ, ಹೋಗುತ್ತವೆ. ಭಾಷಣಗಳಲ್ಲಿ ಎದ್ದ ಮಾತು ಒಂದು ವರ್ಷದೊಳಗೆ ಶಾಸನವಾಗುತ್ತದೆ. ಶಾಸನ ಇಳಿದಿಳಿದು ಕೊನೆಗೆ ಬಂದು ನಿಲ್ಲುವುದು ಮತವಿಲ್ಲದ ಒಬ್ಬ ಕೂಲಿಯ ಮುಂದೆ. ಹಣ್ಣಿನ ತೂಕ ಬರೆಯುವಾಗ ತೋಟದ ರೈಟರು ಒಂದು ಕಿಲೋ ಹೆಚ್ಚುಕಡಿಮೆಯಾಗದಂತೆ ಎಚ್ಚರ ವಹಿಸುತ್ತಾನೆ. ಮನುಷ್ಯ ಯಾವ ನಾಡಿನವನೆಂದು ಬರೆಯುವಾಗ ಸರ್ಕಾರ ಅದಕ್ಕಿಂತ ಕಡಿಮೆ ಎಚ್ಚರ ವಹಿಸುವಂತಿಲ್ಲ.